ನಾಲ್ಕು ದಿನ ಮುಚ್ಚಿಟ್ಟ ಮೊಮ್ಮಗಳು

ಆ ಉಪಾಯ ನನ್ನದೇ. ಬೇರೆಯವರ ತಲೆಗೆ ಕಟ್ಟುವ ಅಭ್ಯಾಸ ನನಗಿಲ್ಲ. ನನ್ನ ಗಂಡ ಈಗಲೂ ನೆಂಟರ ಎದುರು "ನಾವಿಬ್ಬರೂ ಸೇರಿಯೇ ಮಾಡಿದ್ದು" ಎಂದು ನನ್ನ ಮಾನ ಉಳಿಸಲು ನೋಡುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟೊಂದು ದಾಕ್ಷಿಣ್ಯ ಯಾಕೋ! ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಚೌತಿ ಮುಗಿಯುವ ತನಕ ಯಾರಿಗೂ ಹೇಳುವುದು ಬೇಡ ಎಂದು ಮೊದಲು ಬಾಯಿಬಿಟ್ಟವಳು ನಾನು.

ನಾವು ಉಡುಪಿ ಕಡೆಯವರು. ಇವರು ಮುಂಬಯಿಗೆ ಬಂದು ಅಂಧೇರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಭಾಂಡುಪ್‌ನ ಈ ಬಿಲ್ಡಿಂಗಿಗೆ ಬಂದ ವರ್ಷದಿಂದ ನಮ್ಮ ಮನೆಯಲ್ಲಿ ಒಂದೂವರೆ ದಿನದ ಗಣಪತಿ ಕೂರುತ್ತಾನೆ. ಹೋಟೆಲಿನವರಿಗೆ ಹಬ್ಬ ಎಂದರೆ ಡಬಲ್ ಡ್ಯೂಟಿ. ಆದರೂ ಇವರು ದಸರೆ, ದೀಪಾವಳಿಗೆ ರಜೆ ಕೇಳದೆ ಚೌತಿಗೊಂದು ಮಾತ್ರ ಯಜಮಾನರ ಹತ್ತಿರ ಜಗಳವಾಡಿ ರಜೆ ತೆಗೆದುಕೊಳ್ಳುತ್ತಿದ್ದರು. ಆ ಮಧ್ಯಾಹ್ನ ನಮ್ಮ ಮಾಳಿಗೆಯ ಎಲ್ಲ ಮನೆಯವರಿಗೂ ನಮ್ಮಲ್ಲೇ ಊಟ. ಪ್ಯಾಸೇಜಿನಲ್ಲಿ ಚಾಪೆ ಹಾಸಿ ಬಾಳೆ ಎಲೆ ಹಾಕುತ್ತೇವೆ. ಅರಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ನನ್ನ ಕಡುಬಿಗೆ ಎದುರು ಮನೆಯ ಮರಾಠಿ ಅಜ್ಜಿ ವರ್ಷವಿಡೀ ಕಾಯುತ್ತಾರೆ. ಎರಡು ವರ್ಷದ ಹಿಂದೆ ಇವರ ಎದೆಯ ಆಪರೇಶನ್ ಆಯಿತು. ಆ ವರ್ಷವೂ ಗಣಪತಿ ತಪ್ಪಲಿಲ್ಲ. ಆಸ್ಪತ್ರೆಯಿಂದ ಬಂದವರು ಕುರ್ಚಿಯಲ್ಲಿ ಕೂತೇ ಆರತಿ ಎತ್ತಿದರು. ಅವತ್ತಿನಿಂದ ನನಗೊಂದು ಹೆದರಿಕೆ ಹೊಕ್ಕಿತ್ತು. ಒಂದು ವರ್ಷ ತಪ್ಪಿದರೆ ಇವರಿಗೇ ಏನಾದರೂ ಆದೀತು ಎಂದು. ಯಾರಿಗೂ ಹೇಳಿರಲಿಲ್ಲ.

ಸೊಸೆಗೆ ಡಾಕ್ಟರು ಹೇಳಿದ್ದ ದಿನ ಚೌತಿ ಕಳೆದು ಮೂರು ವಾರಕ್ಕೆ. ನಾನು ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಗಣಪತಿಯನ್ನು ಕಳುಹಿಸುವುದು, ಅಡುಗೆಮನೆ ತೊಳೆದು ಬಾಣಂತಿ ಮದ್ದು ಕುಟ್ಟುವುದು, ಮಗು ಬರುವುದು, ನವರಾತ್ರಿಯಲ್ಲಿ ಹೆಸರಿಡುವುದು, ದೀಪಾವಳಿಗೆ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವುದು. ಮಗುವಿಗೆ ನನ್ನ ಕ್ಯಾಲೆಂಡರ್ ತೋರಿಸಿದವರು ಯಾರು? ಚೌತಿಗೆ ನಾಲ್ಕು ದಿನ ಇರುವಾಗ ಸೊಸೆಯ ಬಿ.ಪಿ. ಏರಿತು. ಬೆಳಿಗ್ಗೆ ಮಗ ಅವಳನ್ನು ಟ್ಯಾಕ್ಸಿಯಲ್ಲಿ ಪರೇಲಿನ ಆಸ್ಪತ್ರೆಗೆ ಕರೆದುಕೊಂಡು ಓಡಿದ. ಹನ್ನೊಂದು ಗಂಟೆಗೆ ಫೋನ್ ಬಂತು.

"ಅಮ್ಮ, ಆಪರೇಶನ್ ಮಾಡಿ ತೆಗೆದ್ರು. ಹೆಣ್ಣು ಮಗು. ಇಬ್ರೂ ಹುಷಾರಿದ್ದಾರೆ."

ನಾನು ಕೇಳಿದ ಮೊದಲ ಮಾತು "ಎಷ್ಟು ಗಂಟೆಗೆ?" ಎಂದು. ಕೇಳುತ್ತಲೇ ಬೆರಳು ಮಡಿಸತೊಡಗಿದ್ದೆ. ಮಗು ಹುಟ್ಟಿದರೆ ಮನೆಯವರಿಗೆಲ್ಲ ಹತ್ತು ದಿನದ ಮೈಲಿಗೆ. ನಮ್ಮ ಕಡೆ ಅದಕ್ಕೆ ಅಮೆ ಎನ್ನುತ್ತಾರೆ. ಅಮೆ ಇರುವ ಮನೆಯಲ್ಲಿ ದೇವರ ದೀಪ ಹಚ್ಚುವಂತಿಲ್ಲ, ಇನ್ನು ಗಣಪತಿ ಕೂರಿಸುವುದು ಎಲ್ಲಿಂದ ಬಂತು! ಎಷ್ಟು ಸಲ ಮಡಿಸಿದರೂ ಚೌತಿ ಆ ಹತ್ತು ದಿನದ ಒಳಗೇ ಬೀಳುತ್ತಿತ್ತು.

ಇವರು ಪೇಪರ್ ಮಡಿಸಿಟ್ಟು ಕೂತರು. ಖುಷಿಯಿಂದ ಕಣ್ಣು ತುಂಬಿತ್ತು, ಪಾಪ. ಒರೆಸಿಕೊಂಡು, "ಭಟ್ರಿಗೆ ಫೋನ್ ಮಾಡ್ತೇನೆ. ಈ ವರ್ಷ ಇಲ್ಲ ಅಂತ ಹೇಳುವ," ಎಂದರು.

"ಭಟ್ರಿಗೆ ಎಂತಕ್ಕೆ? ಕೇಳಿದ್ರೆ ಅವ್ರು ಬೇಡ ಅಂತ್ಲೇ ಹೇಳುದು," ಎಂದೆ ನಾನು. "ನೋಡಿ, ನಾವು ಮಗುವನ್ನು ಕಣ್ಣಲ್ಲಿ ನೋಡ್ಲಿಲ್ಲ, ಕೈಯಲ್ಲಿ ಮುಟ್ಲಿಲ್ಲ. ಬಿಲ್ಡಿಂಗಿನವರಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ. ನಾಲ್ಕು ದಿನ ಬಾಯಿ ಮುಚ್ಚಿ ಕೂತ್ಕೊಂಡ್ರೆ ಯಾವ ಅಮೆ, ಎಂತ ಕಥೆ?"

"ಹುಟ್ಟಿದ್ದು ಹುಟ್ಟಿದ್ದೇ ಅಲ್ವಾ ಮಾರಾಯ್ತಿ?"

"ದೂರದಲ್ಲಿ ಹುಟ್ಟಿದ್ರೆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಅಮೆ ಅಂತ ನಿಮ್ಮ ಅಮ್ಮನೇ ಹೇಳ್ತಿದ್ರು."

"ಪರೇಲ್ ದೂರವಾ? ಮತ್ತೆ ನಮ್ಮ ಕಿವಿಗೆ ಬಿತ್ತಲ್ಲ."

"ನಿಮ್ಗೆ ಎಲ್ಲದಕ್ಕೂ ಒಂದು ಅಡ್ಡ ಮಾತು!" ಎಂದು ರೇಗಿದೆ. ರೇಗಿದರೆ ಇವರು ಸುಮ್ಮನಾಗುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತು.

ಮಗನಿಗೂ ತಾಕೀತು ಮಾಡಿದೆ. ಯಾರಿಗೂ ಫೋಟೊ ಕಳಿಸಬಾರದು, ಆಫೀಸಿನಲ್ಲಿ ಪೇಢಾ ಹಂಚಬಾರದು. ನಾವಿಬ್ಬರೂ ಚೌತಿ ಮುಗಿದ ಮೇಲೆ ಬರುವುದು. "ಅವಳು ಕೇಳಿದ್ರೆ ಎಂತ ಹೇಳ್ಲಿ?" ಎಂದ. "ಅಮ್ಮನಿಗೆ ಜ್ವರ ಅಂತ ಹೇಳು," ಎಂದೆ. ನನ್ನ ಮಗ ಅಪ್ಪನ ಹಾಗೆ, ಹೇಳಿದ್ದಕ್ಕೆ ಹೂಂ ಅನ್ನುವವ. ಹೂಂ ಎಂದ.

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ನನ್ನ ಸೊಸೆಗೆ ತಾಯಿ ಇಲ್ಲ. ಅವಳು ಮರಾಠಿ ಹುಡುಗಿ. ತಂದೆ ನಾಸಿಕದಲ್ಲಿ ಮಂಡಿನೋವು ಹಿಡಿದು ಮನೆಯಲ್ಲೇ ಇರುವ ಮನುಷ್ಯ. ತವರಿನಲ್ಲಿ ಹೆರಿಗೆ ಮಾಡಿಸುವವರಿಲ್ಲ ಎಂದು ಏಳನೆಯ ತಿಂಗಳಿನಲ್ಲೇ ನಾನು ಅವಳ ಗಲ್ಲ ಹಿಡಿದು, "ನಾನಿದ್ದೇನೆ, ನೀನು ಎಂತದಕ್ಕೂ ಹೆದರ್ಬೇಡ," ಎಂದಿದ್ದೆ. ಹೊಟ್ಟೆ ಕೊಯ್ದುಕೊಂಡು ಮಲಗಿದ ಹುಡುಗಿಯ ಹತ್ತಿರ ಒಬ್ಬ ಆಯಾಳನ್ನು ಗೊತ್ತು ಮಾಡಿ, ನಾನು ಇಲ್ಲಿ ಅಕ್ಕಿ ನೆನೆಸುತ್ತಿದ್ದೆ.

ಮಗು ಹುಟ್ಟಿದ ದಿನವೇ ಸಂಜೆ ಮಗ ವಿಡಿಯೊ ಕಾಲ್ ಮಾಡಿದ. ನಾನು ಪರದೆಯ ಮೇಲೆ ಅಂಗೈ ಇಟ್ಟು ಮುಚ್ಚಿದೆ. "ಫೋನಿನಲ್ಲಿ ನೋಡಿದ್ರೂ ನೋಡಿದ ಹಾಗೆಯೇ ಅಲ್ವಾ?" ಎಂದು ನನಗೆ ಸಂಶಯ. "ಅದಕ್ಕೆ ಶಾಸ್ತ್ರದಲ್ಲಿ ಎಂತ ಬರ್ದಿದೆ?" ಎಂದು ಇವರನ್ನು ಕೇಳಿದರೆ, "ಶಾಸ್ತ್ರ ಬರೆದವರ ಹತ್ರ ಫೋನ್ ಇತ್ತಾ?" ಎಂದು ಎದ್ದು ಹೋದರು. ನಾಸಿಕದಿಂದ ಬೀಗರು ಫೋನ್ ಮಾಡಿದರು. ಅವರಿಗೆ ಹೇಳದೆ ಇರಲು ಆಗುವುದಿಲ್ಲವಲ್ಲ, ಮಗಳೇ ಹೇಳಿದ್ದಳು. ಪ್ಯಾಸೇಜಿನಲ್ಲಿ ಎದುರು ಮನೆಯ ಅಜ್ಜಿ ತರಕಾರಿ ಹೆಚ್ಚುತ್ತ ಕೂತಿದ್ದರಿಂದ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಮಾತನಾಡಿದೆ. "ಎಲ್ಲರೂ ಖುಷಿ ಅಲ್ವಾ?" ಎಂದು ಅವರು ಮರಾಠಿಯಲ್ಲಿ ಎರಡು ಸಲ ಕೇಳಿದರು. ನಾನು ಪಿಸುಗುಟ್ಟುತ್ತ "ಹೋ, ಹೋ", ಹೌದು ಹೌದು, ಎಂದು ಫೋನ್ ಇಟ್ಟೆ. ಮೊಮ್ಮಗಳು ಹುಟ್ಟಿದ ಸಂತೋಷವನ್ನು ಬಚ್ಚಲಿನಲ್ಲಿ ಪಿಸುಗುಟ್ಟಿದವಳು ಈ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು.

ಚೌತಿಯ ಹಿಂದಿನ ದಿನ ಇವರು ಗಣಪತಿ ತರಲು ಹೋದರು. ಮೂರ್ತಿ ಮಾಡುವ ಕಾರ್ಖಾನೆಯೂ ಪರೇಲಿನಲ್ಲೇ. ಟೆಂಪೋದಲ್ಲಿ ಬರುವಷ್ಟರಲ್ಲಿ ಹೇಳಿದ್ದಕ್ಕಿಂತ ತುಂಬ ತಡವಾಯಿತು. ಟ್ರಾಫಿಕ್ ಎಂದರು. ನಾನು ಬಾಗಿಲಲ್ಲೇ ಆರತಿ ಮಾಡಿ ಒಳಗೆ ಕರೆದುಕೊಂಡೆ.

ಚೌತಿಯ ದಿನ ಭಟ್ಟರು ಬಂದು ಪ್ರಾಣಪ್ರತಿಷ್ಠೆ ಮಾಡಿದರು. "ಸೊಸೆ ಎಲ್ಲಿ?" ಎಂದು ಕೇಳಿದರು. "ಚೆಕಪ್‌ಗೆ ಹೋಗಿದ್ದಾಳೆ," ಎಂದೆ. ಎದುರು ಮನೆಯ ಅಜ್ಜಿ ಬಂದು ಕೇಳಿದಾಗಲೂ ಚೆಕಪ್. ರಜೆಯ ದಿನ ಯಾವ ಡಾಕ್ಟರು ಚೆಕಪ್ ಮಾಡುತ್ತಾನೆ ಎಂದು ಯಾರಾದರೂ ತಿರುಗಿ ಕೇಳಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ದೇವರ ಎದುರು ನಿಂತು ಒಂದರ ಮೇಲೊಂದು ಸುಳ್ಳು.

ಮಧ್ಯಾಹ್ನ ಎಲೆ ಹಾಕಿದೆವು. ಇಪ್ಪತ್ತು ಜನ ಕೂತಿದ್ದರು. ನಮ್ಮ ಊರಿನ ಕಡೆಯ ಒಬ್ಬ ಹಿರಿಯರು ಮೇಲಿನ ಮಾಳಿಗೆಯಲ್ಲಿದ್ದಾರೆ, ಮಡಿ-ಮೈಲಿಗೆ ಎಂದರೆ ಬಹಳ ಕಟ್ಟುನಿಟ್ಟು. ಅವರೂ ಮೊದಲ ಎಲೆಗೆ ಕೂತಿದ್ದರು. ನಾನು ಪಾಯಸ ಬಡಿಸುತ್ತಿದ್ದೆ. ಸೆರಗಿನಲ್ಲಿ ಸಿಕ್ಕಿಸಿದ್ದ ಫೋನ್ ಹೊಡೆದುಕೊಂಡಿತು. ಸೊಸೆ.

"ಅಮ್ಮ, ಪೂಜೆ ಚೆನ್ನಾಗಿ ಆಯ್ತು?" ನಮ್ಮ ಮನೆಗೆ ಬಂದ ಮೇಲೆ ಅವಳು ಕಲಿತ ಕನ್ನಡ ಅದು. ಒಂದೊಂದೇ ಶಬ್ದ ಇಟ್ಟು ಮಾತನಾಡುತ್ತಾಳೆ.

"ಆಯ್ತು ಮಗಾ. ನೀನು ಊಟ ಮಾಡಿದ್ಯಾ?"

"ಮಾಡಿದೆ. ನಿಮ್ಮ ಜ್ವರ?"

"ಎಂತ ಜ್ವರ?" ಎಂದುಬಿಟ್ಟೆ. ನನಗೆ ಜ್ವರ ಇರುವುದು ನನಗೇ ಮರೆತುಹೋಗಿತ್ತು.

ಆ ಕಡೆ ಯಾವುದೋ ಮಗು ಅಳುವುದು ಕೇಳಿಸಿತು. ನಮ್ಮದೋ ಪಕ್ಕದ ಮಂಚದ್ದೋ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ, ನಾನು ಅದರ ದನಿಯನ್ನೇ ಕೇಳಿರಲಿಲ್ಲ.

"ಅಮ್ಮ, ನನಗೆ ಸಮಝ್ ಆಯ್ತು," ಎಂದಳು. "ಮಗಳು ಆಯ್ತು ಅಂತ ನೀವು ನಾರಾಜ್. ಪರವಾಗಿಲ್ಲ. ನೆಕ್ಸ್ಟ್ ಟೈಮ್ ಮಗ ಆಗ್ತಾನೆ. ಆದ್ರೆ ಇವಳನ್ನು ಒಂದು ಸಲ ನೋಡ್ಲಿಕ್ಕೆ ಬನ್ನಿ, ಪ್ಲೀಸ್. ಇಲ್ಲಿ ಎಲ್ಲರ ಬೆಡ್ ಹತ್ತಿರ ಯಾರಾದ್ರೂ ಬರ್ತಾರೆ. ನರ್ಸ್ ಕೇಳ್ತಾಳೆ, ನಿಮ್ಮ ಮನೆಯಲ್ಲಿ ಹೆಂಗಸರು ಯಾರೂ ಇಲ್ವಾ ಅಂತ."

ಅವಳು ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡುತ್ತಿದ್ದೆ. ಅದು ನನಗೆ ಬರುತ್ತದೆ. ಈ "ಪರವಾಗಿಲ್ಲ" ಎನ್ನುವುದಕ್ಕೆ ಏನು ಹೇಳಲಿ? ಹೆಣ್ಣೆಂದು ಯಾರೂ ಬರಲಿಲ್ಲ ಎಂದುಕೊಂಡು ನಾಲ್ಕು ದಿನ ಆ ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಾಳೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ನನ್ನ ಸಿಟ್ಟು ಯಾವಾಗಲೂ ಎದುರಿಗಿದ್ದವರ ಮೇಲೇ ಬೀಳುವುದು. ಫೋನ್ ಹಿಡಿದುಕೊಂಡೇ ಪಾಯಸದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದೆ.

"ಕೇಳಿ ಎಲ್ರೂ!" ಎಂದು ಕೂಗಿದೆ. "ನನಗೆ ಮೊಮ್ಮಗಳು ಹುಟ್ಟಿ ನಾಲ್ಕು ದಿನ ಆಯ್ತು. ಪರೇಲಿನ ಆಸ್ಪತ್ರೆಯಲ್ಲಿ ಇದ್ದಾಳೆ. ಹೆಣ್ಣು ಮಗು! ನಾನೇ ಮುಚ್ಚಿಟ್ಟದ್ದು. ಈ ಮನೆಗೆ ಅಮೆ ಉಂಟು. ಉಣ್ಣುವವರು ಉಣ್ಣಿ, ಏಳುವವರು ಏಳಿ!"

ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ. ಅದನ್ನೇ ಮರಾಠಿಯಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ ಕೂಗಿದೆ. ಮೇಲಿನ ಮಾಳಿಗೆಯ ಹಿರಿಯರು ಬಾಯಿಗೆ ಹೋಗುತ್ತಿದ್ದ ಕಡುಬನ್ನು ಎಲೆಗೆ ಬಿಟ್ಟು, ಎದ್ದು ಕೈ ತೊಳೆದು, ಮೆಟ್ಟಿಲು ಹತ್ತಿದರು. ಆಮೇಲೆ ದೀಪಾವಳಿಯವರೆಗೆ ಅವರು ನಮ್ಮ ಹತ್ತಿರ ಮಾತನಾಡಲಿಲ್ಲ. ಅವರ ಸಿಟ್ಟು ನ್ಯಾಯವೇ. ಹೇಳದೆ ಉಣ್ಣಿಸಿದ್ದು ನನ್ನ ತಪ್ಪು. ಉಳಿದವರು ಕೂತೇ ಇದ್ದರು.

ಎದುರು ಮನೆಯ ಅಜ್ಜಿ ಮೊದಲು ಬಾಯಿಬಿಟ್ಟರು. "ಅಗಂ ಬಾಯೀ! ನಾತ್ ಝಾಲೀ, ಆಣಿ ಪೇಢಾ ನಾಹೀ?" ಮೊಮ್ಮಗಳು ಹುಟ್ಟಿದ್ದಾಳೆ, ಪೇಢಾ ಇಲ್ಲವೇ ಎಂದು ಅವರ ಚಿಂತೆ. ಅಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಅವರಲ್ಲೂ ಈ ಮೈಲಿಗೆ ಇದೆಯಂತೆ. ಹಾಗಾದಾಗ ನೆರೆಮನೆಯವರು ಬಂದು ಪೂಜೆ ಮುಗಿಸಿ ವಿಸರ್ಜನೆ ಮಾಡಿ ಬರುತ್ತಾರಂತೆ. ಇಷ್ಟು ಸುಲಭದ ದಾರಿ ಇತ್ತು. ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. "ಗಣಪತಿ ಇನ್ನು ನಮ್ಮ ಮನೆಯ ನೆಂಟ. ನೀನು ಹೋಗು," ಎಂದು ನನ್ನನ್ನು ಬಾಗಿಲ ಕಡೆಗೆ ನೂಕಿದರು.

ಇವರು ಆಗಲೇ ಮಡಿ ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿ ನಿಂತಿದ್ದರು. ಇಷ್ಟು ಬೇಗ ಇವರು ಹೊರಟದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಭಾಂಡುಪ್ ಸ್ಟೇಶನ್ನಿನಿಂದ ಸ್ಲೋ ಲೋಕಲ್ ಹಿಡಿದೆವು. ಇವರು ಗಾಡಿಯಲ್ಲೇ ಭಟ್ಟರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡರು. ಭಟ್ಟರ ಬೈಗುಳ ಪಕ್ಕದ ಸೀಟಿನವರಿಗೂ ಕೇಳಿಸಿತು. "ಹನ್ನೊಂದನೇ ದಿನ ಪುಣ್ಯಾಹಕ್ಕೆ ಬರ್ತೇನೆ. ನಿಮ್ಮ ಹೆಂಡ್ತಿಗೆ ಆವಾಗ ಬೇರೆಯೇ ಉಂಟು ನನ್ನ ಹತ್ರ!" ಎಂದು ಕೊನೆಗೆ ಫೋನ್ ಇಟ್ಟರು. ಇವರು ಫೋನ್ ಕಿಸೆಗೆ ಹಾಕಿದರು.

"ನಿನ್ನೆ ಟ್ರಾಫಿಕ್ ಇರ್ಲಿಲ್ಲ," ಎಂದರು.

"ಮತ್ತೆ?"

"ಆಸ್ಪತ್ರೆ ಗೇಟಿನ ಹತ್ರ ಟೆಂಪೋ ನಿಲ್ಲಿಸಿದ್ದೆ. ಒಳಗೆ ಹೋಗ್ಲಿಲ್ಲ, ನೀನು ಬೈತೀ ಅಂತ. ಮೂರನೇ ಮಾಳಿಗೆ ಅಂತ ಮಗ ಹೇಳಿದ್ದ. ಕಿಟಕಿ ಎಲ್ಲ ನೋಡಿದೆ. ಯಾವುದು ಅಂತ ಗೊತ್ತಾಗ್ಲಿಲ್ಲ. ಗಣಪತಿಯ ಮುಖ ಆ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ನಿಂತೆ."

ನಾನು ಇವರ ಕೈ ಹಿಡಿದುಕೊಂಡೆ. ಕುರ್ಲಾ ಸ್ಟೇಶನ್ ಬಂದರೂ ಬಿಡಲಿಲ್ಲ. ಎದುರು ಕೂತ ಹುಡುಗಿಯರು ನೋಡಿ ನಕ್ಕರು. ನಗಲಿ.

ಪರೇಲಿನಲ್ಲಿ ಇಳಿದರೆ ಗಣಪತಿ ನೋಡಲು ಬಂದ ಜನವೋ ಜನ. ಆ ಗುಂಪನ್ನು ಸೀಳಿಕೊಂಡು ಆಸ್ಪತ್ರೆಗೆ ತಲುಪುವಷ್ಟರಲ್ಲಿ ನನ್ನ ಸೀರೆಯ ನೆರಿಗೆಯೆಲ್ಲ ಕಳಚಿತ್ತು. ಮೇಲೆ ಒಂದು ಸಲಕ್ಕೆ ಒಬ್ಬರನ್ನೇ ಬಿಡುವುದು. "ನೀನು ಹೋಗು. ನಿಂದು ಕೆಲ್ಸ ಉಂಟು ಅಲ್ಲಿ," ಎಂದು ಇವರು ಕೆಳಗಿನ ಬೆಂಚಿನಲ್ಲಿ ಕೂತರು. ವಾರ್ಡಿನ ಹೊರಗೆ ಮಗ ಸಿಕ್ಕಿದ. "ಹೆಂಡ್ತಿಗೆ ನಿಜ ಹೇಳ್ಲಿಕ್ಕೆ ನಿಂಗೆ ಬಾಯಿ ಇರ್ಲಿಲ್ವಾ?" ಎಂದು ಹಾರಿದೆ. "ನೀನೇ ಅಲ್ವಾ ಜ್ವರ ಅಂತ ಹೇಳ್ಲಿಕ್ಕೆ ಹೇಳಿದ್ದು?" ಎಂದ. "ನಾನು ಹೇಳಿದ್ರೆ ನೀನು ಹೇಳುದಾ?" ಎಂದು ಅವನನ್ನು ದಾಟಿ ಒಳಗೆ ನಡೆದೆ. ಬಾಗಿಲಲ್ಲಿ ನರ್ಸ್ ಕೈ ಅಡ್ಡ ಹಿಡಿದಳು. ಹೊರಗಿನಿಂದ ಬಂದವರು ಸೋಪು ಹಾಕಿ ಕೈ ತೊಳೆಯದೆ ಮಗುವಿನ ಹತ್ತಿರ ಹೋಗಬಾರದಂತೆ. ಮೊಣಕೈ ತನಕ ತೊಳೆದೆ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ತೊಳೆದೆ.

ಸೊಸೆ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಮುಖ ಬಿಳಿಚಿಕೊಂಡಿತ್ತು. ತಲೆ ಬಾಚಿಕೊಂಡಿರಲಿಲ್ಲ, ಬಾಚುವವರು ಯಾರಿದ್ದರು? ಮಗು ಅವಳ ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಒಂದು ಕಿವಿ ಮಾತ್ರ ಕಾಣುತ್ತಿತ್ತು. ನಾನು ಕೈ ಚಾಚಿದೆ.

"ಈಗ ಮಲಗಿದಳು," ಎಂದಳು, ಮಗುವಿನ ಮೇಲೆ ಕೈ ಇಟ್ಟು.

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತೆ. ನನ್ನನ್ನು ತಡೆಯುವ ಹಕ್ಕು ಅವಳಿಗೆ ಇತ್ತು. ಎಲ್ಲ ಹೇಳಿದೆ. ಅಮೆ ಎಂದರೇನು, ಇವರ ಎದೆಯ ಆಪರೇಶನ್, ನನ್ನ ಹೆದರಿಕೆ, ಫೋನಿನ ಮೇಲೆ ಕೈ ಮುಚ್ಚಿದ್ದು, ಬಚ್ಚಲಿನಲ್ಲಿ ಅವಳ ಅಪ್ಪನ ಹತ್ತಿರ ಪಿಸುಗುಟ್ಟಿದ್ದು, ಈಗ ಮನೆಯಲ್ಲಿ ಕೂಗಾಡಿ ಬಂದದ್ದು. ಅವಳಿಗೆ ತಿಳಿಯಲೆಂದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. "ತಪ್ಪಾಯ್ತು ಮಗಾ," ಎಂದೆ. ನಾನು ಯಾರಿಗೂ ಸುಲಭದಲ್ಲಿ ಆಡುವ ಮಾತಲ್ಲ ಅದು.

ಅವಳು ಪೂರ್ತಿ ಕೇಳಿದಳು. ನಗಲಿಲ್ಲ, ಅಳಲಿಲ್ಲ.

"ಹಾಗಾದ್ರೆ ಮಗಳು ಅಂತ ಬೇಜಾರು ಇಲ್ಲ?"

"ಇಲ್ಲ."

"ಒಂದು ಸಲ ಕೂಡ ಆಗ್ಲಿಲ್ಲ?"

ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ" ಎಂದು ಇನ್ನೊಮ್ಮೆ ಹೇಳಿದ್ದರೆ ಮುಗಿಯುತ್ತಿತ್ತು. ಮಗುವನ್ನೂ ಕೊಡುತ್ತಿದ್ದಳೋ ಏನೋ. ಆದರೆ ನಾಲ್ಕು ದಿನ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು.

"ಆಯ್ತು," ಎಂದೆ. "ಫೋನಿನಲ್ಲಿ ಹೆಣ್ಣು ಅಂದಾಗ. ಒಂದು ಕ್ಷಣ. ನಾನೂ ಹೆಣ್ಣೇ ಅಲ್ವಾ, ಆದ್ರೂ ಆಯ್ತು. ಅದನ್ನು ಮುಚ್ಲಿಕ್ಕೇ ಎಷ್ಟು ಗಂಟೆಗೆ ಅಂತ ಕೇಳಿದೆ."

ಇದನ್ನು ನಾನು ಇವರಿಗೂ ಹೇಳಿರಲಿಲ್ಲ, ನನಗೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ಹೇಳಿ ತಲೆ ತಗ್ಗಿಸಿ ಕೂತೆ. ಇನ್ನು ಇವಳು ನನ್ನ ಮುಖ ನೋಡಲಿಕ್ಕಿಲ್ಲ ಎಂದುಕೊಂಡೆ.

ಅವಳು ಮಗುವಿನ ಬಟ್ಟೆಯ ಅಂಚು ಸರಿಮಾಡುತ್ತ ಬಹಳ ಸಣ್ಣ ದನಿಯಲ್ಲಿ, "ನನಗೂ ಆಯ್ತು, ಅಮ್ಮ," ಎಂದಳು. "ಡಾಕ್ಟರ್ ಹೇಳಿದಾಗ. ಒಂದು ಮಿನಿಟ್. ಆಮೇಲೆ ಯಾರೂ ಬರ್ಲಿಲ್ಲ. ನಾನು ಹಾಗೆ ಯೋಚನೆ ಮಾಡಿದೆ, ಅದಕ್ಕೇ ಇವಳಿಗೆ ಯಾರೂ ಬರ್ಲಿಲ್ಲ ಅಂತ, ನಾಲ್ಕು ದಿನ..."

ನಾನು ಸ್ಟೂಲು ಬಿಟ್ಟು ಮಂಚದ ಮೇಲೆ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಹೊಲಿಗೆ ನೋಯುತ್ತದೆ ಎಂದು ಅವಳಿಗೆ ಜೋರಾಗಿ ಅಳಲೂ ಆಗುತ್ತಿರಲಿಲ್ಲ, ಪಾಪದ ಹುಡುಗಿ. ಅವಳ ಪಾಲಿನದನ್ನೂ ನಾನೇ ಅತ್ತೆ. ಗಲಾಟೆಗೆ ಮಗು ಎದ್ದಿತು. ಮೊದಲು ಮುಖ ಕಿವುಚಿತು, ಆಮೇಲೆ ಬಾಯಿ ಪೂರ್ತಿ ತೆರೆದು ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಕಿರುಚಿತು.

ಸೊಸೆ ಮೂಗು ಒರೆಸಿಕೊಂಡು ಸ್ವಲ್ಪ ಸರಿದು, ಮಗುವಿನ ಮೇಲಿಂದ ಕೈ ತೆಗೆದಳು. "ನೀವು ಎತ್ತಿ," ಎಂದಳು. ಎತ್ತಿಕೊಂಡೆ.